ಮಂಜಿನೊಳಗಿನ ಅಂಕಿ

ಆಡಿದವರೆಲ್ಲ ಒಂದೇ ಮಾತು ಹೇಳುತ್ತಿದ್ದರು. ಚನ್ನಗಿರಿಯಲ್ಲಿ ಆಡಿದವರೂ "ಚೆನ್ನಾಗೈತೆ ಅಕ್ಕಾ" ಅಂದರು, ಹೊನ್ನಾಳಿಯಲ್ಲಿ ಆಡಿದವರೂ ಅದನ್ನೇ ಅಂದರು. ಹಾಗಂದವರಲ್ಲಿ ಒಬ್ಬರೂ ಆಟದ ಎರಡನೆಯ ಗುಡ್ಡ ದಾಟಿರಲಿಲ್ಲ. ಸಂಧ್ಯಾರಾಣಿಗೆ ಇದು ವಿಚಿತ್ರ ಅನ್ನಿಸಬೇಕಿತ್ತು. ಆದರೆ ಗಂಡ ಸಿದ್ದಲಿಂಗೇಶ್ ತೀರಿಹೋದ ಮೇಲೆ ಅವಳಿಗೆ ಯಾವುದೂ ವಿಚಿತ್ರ ಅನ್ನಿಸುವುದು ನಿಂತುಹೋಗಿತ್ತು.

ಆಟ ಕಂಪ್ಯೂಟರಿನದು. ಗುಡ್ಡಕ್ಕೊಂದು ಕೋಟೆ, ಅದನ್ನು ಕಾಯುವ ಪಾಳೆಗಾರನ ಕೆಲವೇ ಜನ, ಅವರ ಕೈಯಲ್ಲಿ ದೀವಟಿಗೆ, ಸುತ್ತ ಮಂಜು. ಚದುರಂಗದ ಹಾಗೆ ಒಮ್ಮೆ ನಮ್ಮ ಸರದಿ, ಒಮ್ಮೆ ಶತ್ರುವಿನ ಸರದಿ. ಸತ್ತ ಕಾವಲುಗಾರ ಮತ್ತೆ ಬರುವುದಿಲ್ಲ. ಜಗಳೂರಿನ ಕೊಟ್ರೇಶ್ ಅದರ ಪ್ರೋಗ್ರಾಂ ಬರೆಯುತ್ತಿದ್ದ. ಪರದೆಯ ಮೇಲೆ ಏನು ಕಾಣಬೇಕು, ಎಲ್ಲಿ ಕಾಣಬೇಕು ಅನ್ನುವುದು ಸಂಧ್ಯಾಳ ಕೆಲಸ. ಕಾಲೇಜಿನಲ್ಲಿ ಸಿದ್ದಲಿಂಗೇಶನೂ ಸೇರಿ ಮೂವರು ಶುರು ಮಾಡಿದ್ದು, ಈಗ ಇಬ್ಬರ ಪಾಲಿಗೆ ಉಳಿದಿತ್ತು. ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳಲು ಅವಳಿಗಿದ್ದ ಕಾರಣ ಅದೊಂದೇ. ಮುಂದಿನ ತಿಂಗಳು ಆಟ ಮಾರಾಟಕ್ಕೆ ಬರಬೇಕು. ಕೊಂಡವರು ಅರ್ಧಕ್ಕೇ ಬಿಟ್ಟರೆ ಅದೂ ಮುಗಿದಂತೆ.

ಮೊದಲು, ಈಟಿ ಎಸೆಯುವ ಮುಂಚೆ ಪರದೆಯ ಮೇಲೆ ಒಂದು ಅಂಕಿ ಬರುತ್ತಿತ್ತು: ಗುರಿ ತಾಗುವ ಸಾಧ್ಯತೆ ನೂರಕ್ಕೆ ಎಷ್ಟು ಎಂದು. ಸಂಧ್ಯಾ ಅದನ್ನು ತೆಗೆದಿದ್ದಳು. ಅಂಕಿ ಇದ್ದರೆ ಭಯ ಇರುವುದಿಲ್ಲ, ಮಂಜೊಂದೇ ಸಾಕು ಎಂದಿದ್ದಳು. ಸಿದ್ದಲಿಂಗೇಶನ ಆಪರೇಷನ್ನಿಗೆ ಮುಂಚೆ ಡಾಕ್ಟರು "ನೂರಕ್ಕೆ ತೊಂಬತ್ತು ಭಾಗ ಏನೂ ಆಗಲ್ಲ ಕಣಮ್ಮ" ಅಂದಿದ್ದನ್ನು ಮಾತ್ರ ಎತ್ತಲಿಲ್ಲ. ಕೊಟ್ರೇಶ್ ವಾದ ಮಾಡಲಿಲ್ಲ. "ನೀವು ಹೆಂಗಂತೀರೋ ಹಂಗೆ" ಅಂದ. ಹಿಂದೆ "ಲೇ ಸಂಧ್ಯಾ, ಕಣ್ಣು ಎಲ್ಲಿಟ್ಟೀಯ?" ಎಂದು ಜಗಳಕ್ಕೆ ಬರುತ್ತಿದ್ದವನು ಈಗ 'ನೀವು' ಎನ್ನುತ್ತಿದ್ದ.

ಆಟದ ಕೊನೆಯ ಪರೀಕ್ಷೆ ನ್ಯಾಮತಿಯಲ್ಲಿ, ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ. ಸಂಧ್ಯಾ ಬಸ್ಸಿಳಿದು ಬರುವ ಹೊತ್ತಿಗೆ ಹುಡುಗಿಯರು ಆಡಲು ಕೂತಾಗಿತ್ತು. ಕೊಟ್ರೇಶ್ ಚಹಾ ತರಲು ಹೋಗಿದ್ದ. ಅವಳು ಚಪ್ಪಲಿ ಬಿಟ್ಟು ಹಿಂದಿನ ಬೆಂಚಿನಲ್ಲಿ ಕೂತಳು. ಯಾರೂ ತಿರುಗಿ ನೋಡಲಿಲ್ಲ.

ಮುಂದಿನ ಸಾಲಿನ ಹುಡುಗಿ ಚೈತ್ರಶ್ರೀ ಮೌಸನ್ನು ಕುಕ್ಕಿದಳು.

"ಥೂ! ಮತ್ತೆ ಸತ್ತ."

"ಮೆಲ್ಲಗೆ ಮಾತಾಡೇ ಚೈತ್ರಾ," ಪಕ್ಕದವಳು ಅಂದಳು. "ಆ ಅಕ್ಕ ಬರೋ ಹೊತ್ತಾತು."

"ಬಂದಾಗ ಚೆನ್ನಾಗೈತೆ ಅಂತೀನಿ ಬಿಡೇ ಅನಿತಾ. ನೋಡಿಲ್ಲಿ, ಶತ್ರು ಎದುರಿಗೇ ನಿಂತಾನೆ, ಈಟಿ ಎಸೆದ್ರೆ ತಾಗಲ್ಲ. ಹತ್ರ ಹೋದ್ರೆ ನಮ್ಮೋನೇ ಸಾಯ್ತಾನೆ. ತಾಗತೈತೋ ಇಲ್ವೋ ಮೊದ್ಲೇ ಒಂದು ಮಾತು ಹೇಳಾಕೆ ಏನು ರೋಗ ಇವ್ರಿಗೆ? ಮಂಜಂತೆ, ದೀವಟಿಗೆಯಂತೆ. ನೋಡಾಕೇನೋ ಚೆಂದ ಐತೆ. ಕಣ್ಣು ಕಟ್ಟಿ ಬಾವಿಗೆ ತಳ್ಳಿದ್ರೆ ಅದು ಭಯ ಅಲ್ಲ ಕಣೇ, ಮೋಸ."

ಸಂಧ್ಯಾಳ ಕಿವಿ ಬಿಸಿಯಾಯಿತು. ಹಾಗೆ ಬಿಸಿಯಾಗಿ ಬಹಳ ಕಾಲವಾಗಿತ್ತು.

ಚಹಾ ಹಿಡಿದು ಒಳಗೆ ಬಂದ ಕೊಟ್ರೇಶ್, "ಯಾವಾಗ ಬಂದ್ರಿ ಸಂಧ್ಯಾ?" ಅಂದ. ಇಬ್ಬರು ಹುಡುಗಿಯರೂ ತಟ್ಟನೆ ತಿರುಗಿದರು. ಚೈತ್ರಶ್ರೀಯ ಮುಖ ಒಮ್ಮೆಲೇ ಮೆತ್ತಗಾಯಿತು. ಸಾವಿನ ಮನೆಗೆ ಮಾತಾಡಿಸಲು ಬರುವವರ ಮುಖ ಅದು.

"ಚೆನ್ನಾಗೈತೆ ಅಕ್ಕಾ. ಅಭ್ಯಾಸ ಆಗ್ಬೇಕು ಅಷ್ಟೆ."

ಸಂಧ್ಯಾ ಕೊಟ್ರೇಶನತ್ತ ನೋಡಿದಳು. "ಹೊನ್ನಾಳೀಲೂ ಹಿಂಗೇ ಹೇಳಿಟ್ಟಿದ್ಯಾ?"

ಅವನು ಲೋಟಗಳನ್ನು ಮೇಜಿನ ಮೇಲಿಟ್ಟ. "ನಿಮ್ಮ ಮನಸ್ಸಿಗೆ ನೋವಾಗೋ ಮಾತು ಬ್ಯಾಡ ಅಂದಿದ್ದೆ."

"ನಿಂಗೇನನ್ಸಿತ್ತು?"

"ಬಿಡ್ರಿ ಈಗ."

"ಹೇಳೋ ಕೊಟ್ರೇಶಾ."

"ಅಂಕಿ ತೆಗೆದದ್ದು ದಡ್ಡತನ," ಅಂದ. ಅಂದ ಮೇಲೆ ನಿಲ್ಲಿಸಲಾಗಲಿಲ್ಲ. "ಆಟ ಕಷ್ಟ ಇರ್ಬೇಕು ಕಣೇ, ಕುರುಡಾಗಿರಬಾರ್ದು. ಕೈಯಾರೆ ಹಾಳು ಮಾಡಿ ಕೂತೀಯ. ಹುಚ್ಚು ಹಿಡಿಯೋದೊಂದು ಬಾಕಿ ನಂಗೆ. ನಿಂಗೆ ಹೇಳಾಕೆ ಬಾಯೇ ಬರ್ಲಿಲ್ಲ."

"ಡಾಕ್ಟ್ರು ತೊಂಬತ್ತು ಅಂದಿದ್ರು," ಅಂದಳು ಸಂಧ್ಯಾ.

"ಗೊತ್ತು. ನಾನೂ ಅಲ್ಲೇ ಇದ್ನಲ್ಲ."

ಹುಡುಗಿಯರು ಚಹಾ ಮುಟ್ಟದೆ ಕೂತಿದ್ದರು. ಸಂಧ್ಯಾ ಚೈತ್ರಶ್ರೀಯ ಕುರ್ಚಿಗೆ ಬಂದು ಕೀಬೋರ್ಡ್ ಎಳೆದುಕೊಂಡಳು. ಅಂಕಿಯನ್ನು ಅವಳು ಅಳಿಸಿರಲಿಲ್ಲ, ಮರೆಮಾಡಿದ್ದಳು ಅಷ್ಟೆ. ಅದನ್ನು ಮತ್ತೆ ಕಾಣಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮುಗಿದಾಗ ಭುಜ ನೋಯುತ್ತಿತ್ತು. ಎದ್ದು ಜಾಗ ಬಿಟ್ಟಳು.

"ಆಡು."

ಚೈತ್ರಶ್ರೀ ಗುರಿ ಹಿಡಿದಳು. ಮಂಜಿನೊಳಗಿಂದ ನಲವತ್ತು ಎಂದು ಬಂತು. ಗಲ್ಲಕ್ಕೆ ಕೈ ಕೊಟ್ಟು ಯೋಚಿಸಿದಳು. ಕಾವಲುಗಾರನನ್ನು ಒಂದು ಮನೆ ಪಕ್ಕಕ್ಕೆ ಸರಿಸಿದಾಗ ಅದು ಎಪ್ಪತ್ತಾಯಿತು. ಎಸೆದಳು. ಈಟಿ ತಾಗಲಿಲ್ಲ. ಶತ್ರುವಿನ ಸರದಿಯಲ್ಲಿ ಕಾವಲುಗಾರ ಸತ್ತ.

ಸಂಧ್ಯಾ ಬೈಗುಳಕ್ಕೆ ಕಾದಳು.

"ಹೋಗ್ಲಿ," ಅಂದಳು ಹುಡುಗಿ. "ಗೊತ್ತಿದ್ದೇ ಎಸೆದೆ." ಆಗಲೇ ಮುಂದಿನವನನ್ನು ಎಲ್ಲಿ ನಿಲ್ಲಿಸುವುದೆಂದು ನೋಡುತ್ತಿದ್ದಳು. ಆಮೇಲೆ ಕೊಟ್ರೇಶನ ಕಡೆ ಒಮ್ಮೆ ಕಣ್ಣು ಹಾಯಿಸಿ, "ಒಂದು ಹೇಳ್ಲಾ ಅಕ್ಕಾ? ಬೇಜಾರು ಮಾಡ್ಕಬ್ಯಾಡ್ರಿ," ಅಂದಳು.

"ಹೇಳು."

"ಅಂಕಿ ಇಷ್ಟು ಸಣ್ಣಗೆ ಯಾಕೆ ಹಾಕೀರಿ? ಇರುವೆ ಹರಿದಂಗೆ ಐತೆ. ಯಾರಿಗೆ ಕಾಣತೈತೆ ಅದು?"

ಸಂಧ್ಯಾ ಬಗ್ಗಿ ಅಕ್ಷರದ ಅಳತೆ ದೊಡ್ಡದು ಮಾಡಿದಳು.

"ಸಾಕಾ?"

"ಇನ್ನೂ."