ಎರಡನೆಯ ಚೀಲದ ಮಣ್ಣು

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದೇವದುರ್ಗದ ಏಪ್ರಿಲ್ ಬಿಸಿಲಿಗೆ ಹೆದರಿ ನಾನು ಬೇವಿನ ಮರದ ನೆರಳು ಬಿಟ್ಟು ಏಳಲಿಲ್ಲ. ಎರಡು ಪ್ಲಾಸ್ಟಿಕ್ ಚೀಲಗಳ ಮೇಲೆ ಎರಡು ಹೆಸರು ಬರೆದು, "ನಿಮ್ಮ ನಿಮ್ಮ ಜಾಗದ ಮಣ್ಣು ನೀವೇ ತುಂಬಿಕೊಡ್ರಿ" ಎಂದೆ. ರಾಯಚೂರಿನ ಕಾಲೇಜಿನಲ್ಲಿ ಇಪ್ಪತ್ತು ವರ್ಷ ರಸಾಯನಶಾಸ್ತ್ರ ಕಲಿಸಿದ ಮಲ್ಲಿಕಾ ಮೇಡಂ ಮಾಡುವ ಕೆಲಸವೇ ಅದು?

ಬೂದೆಪ್ಪನವರ ಆರು ವರ್ಷದ ಮೊಮ್ಮಗಳು ಸಂಘಮಿತ್ರಾಗೆ ಪದೇ ಪದೇ ಹೊಟ್ಟೆನೋವು. ರಕ್ತ ಪರೀಕ್ಷೆ ಮಾಡಿಸಿದರೆ ಅದರಲ್ಲಿ ಸೀಸ. ಹೀಗೇ ಬಿಟ್ಟರೆ ಓದುಬರಹ ತಲೆಗೆ ಹತ್ತುವುದು ಕಷ್ಟವಾದೀತು ಎಂದು ಡಾಕ್ಟರು ಹೇಳಿದ ದಿನವೇ ಬೂದೆಪ್ಪ ಪಕ್ಕದ ಗೋಡೆಯ ಕಡೆ ಬೆರಳು ತೋರಿಸಿದರು. ಗೋಡೆಯಾಚೆ ಅಬ್ದುಲ್ ವಹೀದರ ಗುಜರಿ ಅಂಗಡಿ. ಅಲ್ಲಿ ಹಳೆ ಬ್ಯಾಟರಿ ಬಿಚ್ಚುತ್ತಾರೆ. ಬ್ಯಾಟರಿಯ ಒಳಗಿರುವುದೇ ಸೀಸ. ನಲವತ್ತು ವರ್ಷ ಪ್ರಿಂಟಿಂಗ್ ಪ್ರೆಸ್ ನಡೆಸಿದ ಬೂದೆಪ್ಪನವರಿಗೆ ಬರವಣಿಗೆಯೇನೂ ಹೊಸದಲ್ಲ, ಏಳು ಅರ್ಜಿ ಬರೆದರು. ಮಣ್ಣಿನ ಪರೀಕ್ಷೆಯನ್ನು ನನಗೊಪ್ಪಿಸಿ, ಅದರಲ್ಲಿ ವಹೀದರ ತಪ್ಪು ಕಂಡರೆ ಸೋಮವಾರ ಅಂಗಡಿಗೆ ಬೀಗ ಎಂದು ಪುರಸಭೆಯವರು ಹೇಳಿದರು.

ಸೀಸವೆಲ್ಲ ಒಂದೇ ಅಲ್ಲ. ಒಂದೊಂದು ಗಣಿಯ ಸೀಸದಲ್ಲಿ ಹಗುರ ಪರಮಾಣು ಎಷ್ಟು, ಭಾರದವು ಎಷ್ಟು ಎಂಬ ಲೆಕ್ಕ ಬೇರೆ ಬೇರೆ. ಕಾಯಿಸಿದರೂ ಕರಗಿಸಿದರೂ ಅದು ಬದಲಾಗುವುದಿಲ್ಲ. ಹಾಗಾಗಿ ಮಗುವಿನ ರಕ್ತದ ಸೀಸ ಎಲ್ಲಿಂದ ಬಂತೆಂದು ಹೇಳಬಹುದು. ಇದನ್ನು ವಿವರಿಸುವಾಗ ವಹೀದರ ಮುಖ ಬಿಳಚಿಕೊಂಡದ್ದನ್ನು ನಾನು ಗಮನಿಸಬೇಕಿತ್ತು. ಮಜ್ಜಿಗೆ ಕುಡಿಯುತ್ತಿದ್ದೆ.

ಶನಿವಾರ ವರದಿ ಹಿಡಿದು ಬೂದೆಪ್ಪನವರ ಅಂಗಳದಲ್ಲಿ ನಿಂತೆ. ಮಗುವಿನ ರಕ್ತದ ಸೀಸವೂ ವಹೀದರ ಹೆಸರಿನ ಎರಡನೆಯ ಚೀಲದ ಸೀಸವೂ ಒಂದೇ. ಬೂದೆಪ್ಪ ತುಳಸಿಕಟ್ಟೆಯಿಂದ ತುಂಬಿಕೊಟ್ಟಿದ್ದ ಮಣ್ಣಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

"ನಾ ಹೇಳಿದ್ದಿಲ್ಲೇನ್ರಿ ಮೇಡಂ? ನಮ್ಮ ಮನಿ ಮಣ್ಣು ಅಂದ್ರ ಬಂಗಾರರಿ!" ಎಂದರು ಬೂದೆಪ್ಪ.

ವಹೀದರನ್ನೂ ಅಲ್ಲಿಗೆ ಕರೆಸಿದ್ದೆ. ಹಿಂದೆ ನಿಂತಿದ್ದ ಹೆಂಡತಿ ರಂಜಾನಬಿ ಅವರ ಬೆನ್ನಿಗೆ ತಿವಿದು, "ಬೋಲೋ ನಾ ಜೀ, ಹೇಳ್ರಿ!" ಎಂದರು.

"ಆ ಮಣ್ಣು ನಂದಲ್ರಿ," ಎಂದರು ವಹೀದ್, ನೆಲ ನೋಡುತ್ತಾ. "ನಮ್ಮ ಅಂಗಡ್ಯಾಗ ಸೀಸ ಇದ್ದೇ ಇರ್ತದ ಅಂತ ಅಂಜಿದೆ. ಬೂದೆಪ್ಪಣ್ಣ ಯಾವಾಗ್ಲೂ ಬಂಗಾರ, ಬಂಗಾರ ಅಂತಿದ್ರಲ್ರಿ... ಗ್ವಾಡಿ ಮ್ಯಾಲಿಂದ ಕೈ ಹಾಕಿ ಇವರ ಹಿತ್ತಲ ಮಣ್ಣೇ ತುಂಬಿಕೊಟ್ಟೆ."

"ಕಳ್ಳಾ! ನನ್ನ ಮಣ್ಣು ಕದ್ದಿಯೇನು?" ಎಂದು ಬೂದೆಪ್ಪ ಅಬ್ಬರಿಸಿದರು. ಮರುಕ್ಷಣ ಏನೋ ಹೊಳೆದು, "ಸುಳ್ಳು! ಅದು ನನ್ನ ಮಣ್ಣೇ ಅಲ್ಲ!" ಎಂದರು.

ಎಲ್ಲರೂ ಹಿತ್ತಲಿಗೆ ನಡೆದೆವು. ಗೋಡೆಯ ಮೇಲಿಂದ ವಹೀದರ ಕೈ ಎಟುಕುವುದು ಒಂದೇ ಕಡೆ, ಬೂದೆಪ್ಪನವರ ಹೆಂಡತಿ ಯಮನಮ್ಮ ಪಾತ್ರೆ ತಿಕ್ಕುವ ಜಾಗ. ಅಲ್ಲಿ ಒಂದು ಹಿತ್ತಾಳೆ ಬೋಗುಣಿ ಬೋರಲು ಬಿದ್ದಿತ್ತು. ಎತ್ತಿ ನೋಡಿದೆ. ಒಳಗೆ ಕಲಾಯಿ ಬೆಳ್ಳಗಿತ್ತು, ಅಲ್ಲಲ್ಲಿ ಕರಗಿ ಹೋಗಿತ್ತು.

"ಇದ್ರಾಗ ಏನು ಮಾಡ್ತೀರಿ?" ಎಂದು ಯಮನಮ್ಮನನ್ನು ಕೇಳಿದೆ.

"ಹುಣಸಿಹಣ್ಣಿನ ಸಾರ್ರಿ. ಕೂಸು ದಿನಾ ತಾತನ ಬಾಜೂಕ ಕುಂತು ವಾಟಗಾದಾಗ ಕುಡೀತದ."

"ಕಲಾಯಿ ಹಾಕಿದವ್ರು ಯಾರು?"

"ಮಾನ್ವಿಯಿಂದ ಒಬ್ಬಾವ ಬಂದಿದ್ದರಿ. ತವರ ಸಾಲೂದಿಲ್ಲ, ನಾಳಿ ತರ್ತೀನಿ ಅಂದ. ಇವ್ರು ಕೇಳಬೇಕಲ್ಲ! ಅಟ್ಟದ ಮ್ಯಾಲಿಂದ ಪ್ರೆಸ್ಸಿನ ಮೊಳಿ ಡಬ್ಬಿ ಇಳಿಸಿ ಎರಡು ಹಿಡಿ ಕೊಟ್ರು."

ಅಚ್ಚುಮೊಳೆ ಎಂದರೆ ಸೀಸದಲ್ಲಿ ಎರಕ ಹೊಯ್ದ ಅಕ್ಷರ. ಊರಿನ ಲಗ್ನಪತ್ರಿಕೆಗಳನ್ನೆಲ್ಲ ಮುದ್ರಿಸಿದ ಅಕ್ಷರಗಳು ಕರಗಿ ಬೋಗುಣಿಗೆ ಹತ್ತಿ, ಹುಳಿಗೆ ಬಿಟ್ಟುಕೊಂಡು ಸಾರಿಗೆ ಇಳಿದಿದ್ದವು, ತಿಕ್ಕಿದ ನೀರಿನೊಂದಿಗೆ ಹಿತ್ತಲ ಮಣ್ಣಿಗೂ ಸೇರಿದ್ದವು. ಸೀಸ ದೊಡ್ಡವರಿಗಿಂತ ಮಕ್ಕಳನ್ನೇ ಹೆಚ್ಚು ಕಾಡುತ್ತದೆ.

"ತವರ, ಮೊಳಿ ಎರಡೂ ಬೆಳ್ಳಗ ಹೊಳೀತಿದ್ವು," ಎಂದರು ಬೂದೆಪ್ಪ. ಅಲ್ಲೇ ಕಲ್ಲಿನ ಮೇಲೆ ಕುಳಿತರು. "ನಾನೇ ಕುಡಿಸಿದ್ನಲ್ಲ." ಆ ಗಟ್ಟಿ ಮನುಷ್ಯ ಅಳುವುದನ್ನು ನೋಡಿ ನನಗೂ ಸಂಕಟವಾಯಿತು. ವಹೀದರೇ ನೀರು ತಂದುಕೊಟ್ಟರು.

ಪುರಸಭೆಗೆ ಫೋನ್ ಮಾಡಿ ನನ್ನ ತಪ್ಪು ಹೇಳಿ ಬೀಗ ತಡೆದೆ. ಈ ಸಲ ಬಿಸಿಲಿನಲ್ಲೇ ನಿಂತು ನಾನೇ ಮಣ್ಣು ಅಗೆದೆ. ಎರಡನೆಯ ವರದಿ ಬಂತು: ಬೋಗುಣಿ, ಅಚ್ಚುಮೊಳೆ, ರಕ್ತ, ಮೂರರ ಸೀಸವೂ ಒಂದೇ. ವಹೀದರ ಅಂಗಡಿಯಲ್ಲೂ ಬೇಕಾದಷ್ಟು ಸೀಸವಿತ್ತು, ಆದರೆ ಬೇರೆ ಜಾತಿಯದು. ಅಂಗಡಿ ಉಳಿಯಿತು, ನೆಲಕ್ಕೆ ಸಿಮೆಂಟು ಹಾಕಿಸುವ ಆದೇಶವೂ ಬಂತು. ಗೆದ್ದೆನೋ ಸೋತೆನೋ ತಿಳಿಯದೆ ವಹೀದ್ ಎಲ್ಲರಿಗೂ ಚಹಾ ಕುಡಿಸಿದರು. ಏಳು ಅರ್ಜಿಗಳನ್ನು ಹಿಂದಕ್ಕೆ ಪಡೆಯಲು ಬೂದೆಪ್ಪ ಎಂಟನೆಯದನ್ನು ಬರೆದರು. ಅದರಲ್ಲಿ ಎರಡೇ ಸಾಲು ಇತ್ತು.

ಉಳಿದ ಮೊಳೆಗಳನ್ನು ವಹೀದ್ ಕೈಗವಸು ಹಾಕಿಕೊಂಡು ಒಯ್ಯುತ್ತಿದ್ದಾಗ ಸಂಘಮಿತ್ರಾ ಕೇಳಿದಳು: "ತಾತಾ, ನಾ ಕುಡಿದ ಅಕ್ಷರ ಎಲ್ಲಾ ನನ್ನ ಹೊಟ್ಟ್ಯಾಗ ಅದಾವೇನು?"

"ಹ್ಞೂಂ, ಯವ್ವಾ."

"ಹಂಗಾದ್ರ ನಾ ಸಾಲಿಗಿ ಹೋಗೂದೇ ಬ್ಯಾಡ!"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಬೂದೆಪ್ಪ ನಗಲಿಲ್ಲ. ಪಾಟಿ ತಂದು ಅವಳ ಮಡಿಲಲ್ಲಿಟ್ಟು 'ಅ' ಬರೆಸಿದರು. ಸರಿಯಾಗಿಯೇ ಬರೆದಳು. ಅಳಿಸಿ ಮತ್ತೆ ಬರೆಸಿದರು, ಆಗಲೂ ಸರಿಯಾಗಿಯೇ ಇತ್ತು. ಅವರು ಅಂಗೈಯಿಂದ ಪಾಟಿ ಒರೆಸಿ, "ಇನ್ನೊಮ್ಮಿ ಬರಿ, ಯವ್ವಾ" ಎಂದರು.