ಕಣ್ಣಮ್ಮನ ಸೀರೆ

ತಮಿಳು ಸೀಮೆಯ ಪಲ್ಲಡದ ಲೋಗನಾಥನ್ ಈ ಕಥೆಯನ್ನು ಈಗ ಯಾರೂ ಕೇಳದೆಯೇ ಹೇಳುತ್ತಾನೆ. ಬೇರೆಯವರು ಹೇಳುವ ಮುಂಚೆ ತಾನೇ ಹೇಳಿಬಿಟ್ಟರೆ ಅರ್ಧ ಮಾನವಾದರೂ ಉಳಿದೀತೆಂಬುದು ಅವನ ಲೆಕ್ಕ.

ಪವರ್‌ಲೂಮಿನ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದವನು, ಮನೆಯಲ್ಲೂ ಕೂಗಿಯೇ ಮಾತಾಡುತ್ತಾನೆ. ತನ್ನ ಹಿರಿಯರು ಹಂಪಿಯ ಅರಸರಿಗೆ ಪೀತಾಂಬರ ನೇಯ್ದವರೆಂದು ಬಂದವರಿಗೆಲ್ಲ ಸಾರುತ್ತಿದ್ದ. ಆಧಾರ ಕೇಳಿದರೆ ತನ್ನ ಉದ್ದ ಮೂಗನ್ನು ತೋರಿಸುತ್ತಿದ್ದ. ಕನ್ನಡದ ಒಂದಕ್ಷರವೂ ಅವನಿಗೆ ಓದಲು ಬಾರದು. ಕನ್ನಡ ಇದ್ದದ್ದು ಬಾಯಲ್ಲಿ. ಹಂಪಿ ಇದ್ದದ್ದೂ ಅಲ್ಲೇ.

ಮಗಳು ಜನನಿ ತುಡಿಯಲೂರಿನ ನವನೀತನನ್ನು ಮದುವೆಯಾಗುತ್ತೇನೆಂದಾಗ ಆ ಹಂಪಿಗೆ ಕೆಲಸ ಬಂತು. ಹುಡುಗನ ಮನೆಯಲ್ಲೂ ಕನ್ನಡವೇ, ಆದರೆ ಬೇಸಾಯದ ಕುಲ.

"ನೇಯೋ ಮನೆ ಹೆಣ್ಣು ಉಳೋ ಮನೆಗಾ? ಕಣ್ಣಮ್ಮತಾಯಿ ಅಪ್ಪಣೆ ಕೊಡಲ್ಲ."

ಕಣ್ಣಮ್ಮ ಆ ಮನೆಯ ಕನ್ನೆದೇವರು. ಲೋಗನಾಥನ ತಾತನ ತಂಗಿ. ಮದುವೆಗೆ ಮೊದಲೇ ಕಾಲರಾದಲ್ಲಿ ಹೋದಳಂತೆ. ಹಾಗೆ ಹೋದ ಹುಡುಗಿಯರು ಮನೆ ಕಾಯುತ್ತಾರೆಂಬುದು ಅಲ್ಲಿಯ ನಂಬಿಕೆ. ಪ್ರತಿ ಆಡಿ ಮಾಸದಲ್ಲಿ, ಅಂದರೆ ಆಷಾಢದಲ್ಲಿ, ಅವಳೆಂದೇ ಪೂಜಿಸುವ ಬಿದಿರ ಪೆಟ್ಟಿಗೆಗೆ ಹೊಸ ಸೀರೆ, ಬಳೆ, ಪೊಂಗಲ್.

"ಹುಡುಗನ ಕಡೆಯವರು ಎಲ್ಲಿಂದ ಬಂದವರೋ" ಎಂದ ಲೋಗನಾಥನ್.

"ನಾವು ಎಲ್ಲಿಂದ ಬಂದೋಮಪ್ಪಾ? ಎಂಜಲು ಕಳಿಸಿದ್ರೆ ಡಿಎನ್‌ಎ ನೋಡಿ ಹೇಳ್ತಾರೆ. ಹಂಪಿ ಅಂತ ಬಂದ್ರೆ ನಾನು ಈ ಮದುವೆ ಮಾತು ಬಿಡ್ತೀನಿ. ಬರಲಿಲ್ಲ ಅಂದ್ರೆ ನೀ ಹಠ ಬಿಡು."

"ಸರಿ. ಅವನೂ ಉಗುಳಲಿ. ಪಕ್ಕ ಪಕ್ಕ ಇಟ್ಟು ನೋಡಾಣ."

ಲೋಗನಾಥನ್ ತಲೆಗೆ ನೀರು ಹಾಕಿ, ವಿಭೂತಿ ಬಳಿದು, ಪೂರ್ವಕ್ಕೆ ಮುಖ ಮಾಡಿ ಎಂಜಲು ತುಂಬುವ ಕೊಳವೆ ಹಿಡಿದ. ಬೀದಿಯಲ್ಲಿ ಎಂದೂ ಬತ್ತದ ಬಾಯಿ ಅಂದು ಬತ್ತಿಹೋಯಿತು. ಹುಣಸೆಹಣ್ಣನ್ನು ನೆನೆದು ನೆನೆದು ತುಂಬಿಸಬೇಕಾಯಿತು.

ಫಲಿತಾಂಶ ಫೋನಿಗೆ ಬಂತು. ಹಂಪಿ ಇರಲಿಲ್ಲ. ನಕ್ಷೆಯಲ್ಲಿ ಗೋವೆಯಿಂದ ಕನ್ಯಾಕುಮಾರಿಯವರೆಗೆ ಒಂದೇ ಹಸಿರು ಬಳಿದು 'ದಕ್ಷಿಣ ಭಾರತ' ಎಂದಿತ್ತು. ಅಷ್ಟನ್ನು ಅವನ ಮೈಬಣ್ಣವೇ ಬಿಟ್ಟಿಯಾಗಿ ಹೇಳುತ್ತಿತ್ತು. ಸೋತೆ ಎನ್ನುವಷ್ಟರಲ್ಲಿ ಕೆಳಗಿನ ಸಾಲು ಕಂಡಿತು: ನವನೀತನ್, ರಕ್ತಸಂಬಂಧಿ.

"ಪಾರ್ತಿಯಾ, ನೋಡಿದ್ಯಾ," ಎಂದು ಹಿಗ್ಗಿದ. "ಒಂದೇ ರಕ್ತ. ಅಣ್ಣ ತಂಗಿ ಆಗೋರಿಗೆ ಮದುವೆ ಏನು?"

ಜನನಿಯ ಮುಖ ಬಿಳುಚಿತು. ಮೂಲೆಯಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದ ಕಮಲಾತಾಳ್ ತಲೆಯೆತ್ತಿದಳು. ಲೋಗನಾಥನ ಅಪ್ಪನ ಅಕ್ಕ, ತೊಂಬತ್ತರ ಹತ್ತಿರದವಳು.

"ಯಾವ ವರಸೆ?"

"ಫೋನು ಅದೆಲ್ಲ ಹೇಳಲ್ಲ ಅತ್ತೆ. ಸಂಬಂಧಿ ಅಷ್ಟೆ."

"ಬರೀ ಸಂಬಂಧಿ ಅಂತ ಯಾರಿದಾರೆ ನಮ್ಮಲ್ಲಿ? ಒಂದೋ ಅಣ್ಣತಮ್ಮ, ಇಲ್ಲ ಮಾಮ ಬಾವ. ಕಾಸು ಕೊಟ್ಟು ಅರ್ಧ ಮಾತು ತಂದಿದೀಯ. ಹುಡುಗನ ಅಪ್ಪ ಯಾರು?"

"ಈಶ್ವರನ್" ಎಂದಳು ಜನನಿ. "ತಾತ ವೆಲ್ಲಿಂಗಿರಿ."

ಮುದುಕಿಯ ದವಡೆ ನಿಂತಿತು. "ತೋಟದ ವೆಲ್ಲಿಂಗಿರಿಯಾ. ಹಂಗಾದ್ರೆ ಕಣ್ಣಮ್ಮನ ಮಗ."

"ಯಾವ ಕಣ್ಣಮ್ಮ?"

"ಪೆಟ್ಟಿಗೇಲಿ ಕೂರ್ಸಿದೀಯಲ್ಲ, ಅವಳೇ."

ಆ ವರ್ಷ ಕಾಲರಾ ಬಂದದ್ದು ನಿಜ. ಕಣ್ಣಮ್ಮನನ್ನು ಒಯ್ದದ್ದು ಮಾತ್ರ ಕಾಲರಾ ಅಲ್ಲ, ಪಂಚೆ ಕೊಳ್ಳಲು ಬರುತ್ತಿದ್ದ ಬೇಸಾಯದ ಹುಡುಗ. ಬೀದಿಗೆ ಹೆದರಿ ಅವಳಪ್ಪ ಕಾಲರಾ ಎಂದ. ಸತ್ತವಳಿಗೆ ಪೆಟ್ಟಿಗೆ ಇಡದಿದ್ದರೆ ಬೀದಿ ನಂಬದು, ಪೆಟ್ಟಿಗೆ ಇಟ್ಟ ಮೇಲೆ ಪೂಜೆ ತಪ್ಪದು.

"ನನಗೆ ಜಡೆ ಹೆಣೆದು ಕೊಟ್ಟೇ ಹೋದಳು," ಎಂದಳು ಕಮಲಾತಾಳ್. "ಹೇಳಬಾರದು ಅಂತ ನಮ್ಮಪ್ಪ ಸತ್ಯ ಮಾಡಿಸ್ಕೊಂಡಿದ್ದ."

"ಅತ್ತೆ, ಹೊಸ ಲೂಮಿಗೆ, ಮಂಡಿನೋವಿಗೆ, ಎಲ್ಲಕ್ಕೂ ಅವಳನ್ನೇ ಬೇಡ್ಕೊಂಡಿದೀನಿ."

"ಕೊಟ್ಟಳಾ?"

"ಕೊಟ್ಟಳು."

"ಮತ್ತೇನು? ಐದು ಹೆತ್ತವಳು. ಕೊಡೋದು ಕನ್ನೆಗಿಂತ ಅವಳಿಗೇ ಗೊತ್ತು." ಮುದುಕಿ ಬೆರಳು ಮಡಿಸತೊಡಗಿದಳು. "ತಾತನ ತಂಗಿ ಮಗ ನಿನಗೆ ಮಾಮ. ಮಾಮನ ಮಗ ಈಶ್ವರನ್ ಬಾವ. ಬಾವನ ಮಗ?"

ಲೋಗನಾಥನ್ ಫೋನನ್ನು ಮಗುಚಿಟ್ಟ.

"ಅಳಿಯ" ಎಂದಳು ಜನನಿ, ನೆಲ ನೋಡುತ್ತ.

"ವರಸೆ ಗಂಡು. ಅವನು ಹೆಣ್ಣು ಕೇಳಿದ್ರೆ ಇಲ್ಲ ಅನ್ನೋಕೆ ನೀನ್ಯಾರು, ಹಂಪಿಯವನೇ?"

ಆಡಿ ಬಂದಾಗ ಲೋಗನಾಥನ್ ಸೀರೆಯನ್ನು ಪೆಟ್ಟಿಗೆಗೆ ಇಡಲಿಲ್ಲ. ತಟ್ಟೆಯಲ್ಲಿಟ್ಟುಕೊಂಡು ತುಡಿಯಲೂರಿಗೆ ಹೋದ.

"ಇದೇನು ಸಂಬಂದೀ?" ಎಂದ ಈಶ್ವರನ್, ಬೀಗನನ್ನು ಕರೆಯುವಂತೆ.

"ಬಾವ ಅನ್ನಿ. ನಿಮ್ಮಜ್ಜಿ ಸೀರೆ. ಇಷ್ಟು ವರ್ಷ ತಪ್ಪು ವಿಳಾಸಕ್ಕೆ ಹಾಕ್ತಿದ್ದೆ."

ಈಶ್ವರನ್ ನಕ್ಕು ಗೋಡೆಯತ್ತ ಕೈ ತೋರಿದ. ಒಣಗಿದ ಹಾರದ ಹಿಂದೆ, ದಪ್ಪ ಕನ್ನಡಕ ಹಾಕಿದ ಬೊಚ್ಚುಬಾಯಿಯ ಮುದುಕಿ. ಲೋಗನಾಥನ್ ತನ್ನ ದೇವರ ಮುಖವನ್ನು ಮೊದಲ ಸಲ ನೋಡಿದ. ಕೈಮುಗಿಯಲು ಹೋದವನ ಕೈ ತಾನಾಗಿ ತನ್ನ ಮೂಗಿನ ಮೇಲೆ ಹೋಯಿತು.

ಪಟದ ಮುದುಕಿಗೂ ಅದೇ ಉದ್ದ, ಅದೇ ಡೊಂಕು. ನಿಶ್ಚಿತಾರ್ಥದ ಮಾತಿಗೆ ಒಂದು ಸಲ ಈ ಮನೆಗೆ ಬಂದಿದ್ದರೆ ಸಾಕಿತ್ತು; ಉಗುಳುವ ಅಗತ್ಯವಿರಲಿಲ್ಲ.