ಬಲಗಡೆಯ ಚುಕ್ಕಿಗಳು

ವರ್ಷಕ್ಕೊಂದು ಸಲ ಮಲ್ಲಿಕಾಂಬಳ ಎದೆಯನ್ನು ಎರಡು ಹಲಗೆಗಳ ನಡುವೆ ಇಟ್ಟು ಒತ್ತುತ್ತಾರೆ. ಎದೆ ಅಂದರೆ ಈಗ ಬಲಗಡೆಯದು ಮಾತ್ರ. ಎಡಗಡೆಯದನ್ನು ಮೂರು ವರ್ಷದ ಹಿಂದೆ ಶಿವಮೊಗ್ಗದಲ್ಲಿ ಗಡ್ಡೆಯ ಸಮೇತ ತೆಗೆದುಹಾಕಿದ್ದರು. ಆಮೇಲೆ ಡ್ರಿಪ್ಪಿನ ಔಷಧಿ, ಕರೆಂಟು ಕೊಡಿಸಿದ್ದು, ತಲೆಗೂದಲು ಉದುರಿದ್ದು, ನೀರು ಕುಡಿದರೂ ಉರಿಯುವ ಬಾಯಿಹುಣ್ಣು. ಅದೆಲ್ಲ ಮುಗಿದು ಅವಳು ಮತ್ತೆ ಅಜ್ಜಂಪುರದ ತಮ್ಮ ಬಟ್ಟೆ ಅಂಗಡಿಯಲ್ಲಿ ಕೂತು ಸೀರೆ ಬಿಚ್ಚಿ ತೋರಿಸುತ್ತಿದ್ದಳು. ಕೂದಲು ಮೊದಲಿಗಿಂತ ಗುಂಗುರಾಗಿ ಬಂದಿತ್ತು. ಹೊಟ್ಟೆ ತುಂಬ ಉಣ್ಣುತ್ತಿದ್ದಳು, ಗಿರಾಕಿಗಳ ಜೊತೆ ಜಗಳವಾಡುತ್ತಿದ್ದಳು. ಒಟ್ಟಿನಲ್ಲಿ ಚೆನ್ನಾಗಿಯೇ ಇದ್ದಳು.

ಒಂದು ಮಾತನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಕಾಯಿಲೆ ಮತ್ತೆ ಬಂದರೆ ಡ್ರಿಪ್ಪಿಗೆ ಹೋಗುವುದಿಲ್ಲ ಎಂದು ತೀರ್ಮಾನ ಮಾಡಿಕೊಂಡಿದ್ದಳು. ಹೇಳಿದರೆ ಗಂಡ ವಿಶ್ವಾರಾಧ್ಯ ಊಟ ಬಿಡುತ್ತಾನೆ, ನೆಂಟರು ಬಂದು ಬುದ್ಧಿ ಹೇಳುತ್ತಾರೆ. ಸ್ಕ್ಯಾನ್ ಚೆನ್ನಾಗಿ ಬಂದರೆ ಹೇಳುವ ಪ್ರಮೇಯವೇ ಇಲ್ಲ. ಹೀಗೆ ಎರಡು ಸಲ ಆ ಮಾತು ಗಂಟಲಲ್ಲೇ ಉಳಿದಿತ್ತು.

ಈ ಸಲ ಶಿವಮೊಗ್ಗದ ಡಾಕ್ಟರು, "ತರೀಕೆರೆಗೇ ಮೆಷಿನ್ ಬಂದಿದೆಯಂತಲ್ಲ, ಅಲ್ಲೇ ತೆಗೆಸಿ ಕಳಿಸಿ" ಎಂದಿದ್ದರು. ಹೊರಡುವ ದಿನ ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಎಳೆದುಕೊಂಡು ಏಳುವಷ್ಟರಲ್ಲಿ ವಾರಗಿತ್ತಿ ಸುಲೋಚನಮ್ಮ ಬಂದಳು. ವಿಶ್ವಾರಾಧ್ಯನ ಅಣ್ಣನ ಹೆಂಡತಿ, ಪಕ್ಕದ ಮನೆಯವಳು. ಜೊತೆಗೆ ಬರುತ್ತೇನೆ ಎಂದು ಅವಳಾಗಿಯೇ ಹೇಳಿದ್ದಳು. ಕೈಯಲ್ಲಿ ಬೆಳ್ಳಗಿನ ವಿಭೂತಿ ಗಟ್ಟಿ.

"ಮಠದ್ದು ಕಣೇ. ಸೋಮವಾರ ಹೋಗಿದ್ನಲ್ಲ, ಸ್ವಾಮಿಗಳೇ ಕೈಯಾರೆ ಕೊಟ್ರು. ರವಿಕೆ ಬಿಚ್ಚು."

"ಹಣೆಗೆ ಆಯ್ತಲ್ಲ ಅಕ್ಕ."

"ಕಾಯಿಲೆ ಬಂದಿದ್ದು ಹಣೆಗಾ?"

ಸುಲೋಚನಮ್ಮನ ಹತ್ತಿರ ವಾದ ಮಾಡಿ ಗೆದ್ದವರು ಆ ಬೀದಿಯಲ್ಲಿ ಇಲ್ಲ. ಮಲ್ಲಿಕಾಂಬ ರವಿಕೆ ಬಿಚ್ಚಿ ಕೂತಳು. ಸುಲೋಚನಮ್ಮ ಗಟ್ಟಿಯನ್ನು ನೀರಲ್ಲಿ ತೇದು, ಹೊಲಿಗೆಯ ಗುರುತಿನ ಮೇಲೆ ಮೂರು ಗೆರೆ ಎಳೆದಳು. ಅಲ್ಲಿ ಏನೂ ಗೊತ್ತಾಗಲಿಲ್ಲ. ಆಪರೇಷನ್ ಆದಾಗಿನಿಂದ ಆ ಚರ್ಮಕ್ಕೆ ಸ್ಪರ್ಶವಿಲ್ಲ. ಬಲಗಡೆ ತಣ್ಣಗಾಯಿತು. ಮೇಲಿನಿಂದ ಕಂಕುಳದವರೆಗೆ ಬಳಿದಾಗ ಕಚಗುಳಿಯಾಗಿ ನಕ್ಕುಬಿಟ್ಟಳು.

"ನಗಬೇಡ, ಶಿವ ಶಿವ ಅನ್ನು."

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ತರೀಕೆರೆಯಲ್ಲಿ ಇಳಿಯುವ ಹೊತ್ತಿಗೆ ರವಿಕೆ ಬೆವರಿಗೆ ತೊಯ್ದು ಮೈಗೆ ಅಂಟಿತ್ತು. ಬೆಳಗಿನ ಗೆರೆಗಳು ಒರೆಸಿಹೋಗಿದ್ದವು. ಮಲ್ಲಿಕಾಂಬ ಅವನ್ನು ಮರೆತೂ ಬಿಟ್ಟಿದ್ದಳು.

ಸ್ಕ್ಯಾನ್ ಸೆಂಟರಿನಲ್ಲಿ ನಿಶ್ಚಿತಾ ಎಂಬ ಹುಡುಗಿ ಮೆಷಿನ್ ನೋಡಿಕೊಳ್ಳುತ್ತಿದ್ದಳು. ಮಾತು ಮೃದು, ಕೈ ಒರಟು.

"ಕತ್ತಲ್ಲಿರೋದೆಲ್ಲ ತೆಗೀರಿ ಆಂಟಿ."

ಮಲ್ಲಿಕಾಂಬ ತಾಳಿ ಸರ ತೆಗೆದಳು. ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಮಾತ್ರ ಹಿಡಿದುಕೊಂಡಳು. "ಇದು ಮೈ ಬಿಟ್ಟು ಹೋಗಂಗಿಲ್ಲಮ್ಮ."

"ಗೊತ್ತು ಆಂಟಿ, ಬೆನ್ನಿಗೆ ಹಾಕ್ಕೊಳಿ. ಪೌಡರು, ಸೆಂಟು ಏನಾದ್ರೂ ಹಚ್ಚಿದೀರಾ?"

"ಈ ವಯಸ್ಸಲ್ಲಿ ಯಾರಿಗೆ ಘಮಘಮ ಅನ್ಬೇಕಮ್ಮ ನಾನು?"

ನಿಶ್ಚಿತಾ ನಕ್ಕಳು. ಹಲಗೆ ಇಳಿಯಿತು. ನೋವಿಗೆ ಮಲ್ಲಿಕಾಂಬ ಹಲ್ಲು ಕಚ್ಚಿ ನಿಂತಳು. ಇಷ್ಟೇ ತಾನೇ, ಇನ್ನು ಒಂದು ವರ್ಷ ನಿಶ್ಚಿಂತೆ ಅಂದುಕೊಂಡಳು.

ಅಷ್ಟೇ ಆಗಿರಲಿಲ್ಲ. ಡಾಕ್ಟರ್ ದುಶ್ಯಂತ್ ಒಳಗೆ ಕರೆದು ಕಂಪ್ಯೂಟರ್ ತಿರುಗಿಸಿ ತೋರಿಸಿದ. ವಯಸ್ಸು ಚಿಕ್ಕದು, ಸುತ್ತಿ ಬಳಸಿ ಮಾತಾಡುವವನಲ್ಲ.

"ಕಂಕುಳ ಕಡೆ ಸಣ್ಣ ಬಿಳೀ ಚುಕ್ಕಿ ಕಾಣ್ತಿವೆ ನೋಡಿ. ಹೋದ ವರ್ಷದ್ರಲ್ಲಿ ಇರಲಿಲ್ಲ."

"ಅದೇನಾ?"

"ಈಗ್ಲೇ ಹೇಳಕ್ಕಾಗಲ್ಲಮ್ಮ. ಎಷ್ಟೋ ಜನಕ್ಕೆ ಸುಮ್ನೆ ಇರ್ತವೆ. ಊಟ ಮಾಡ್ಕೊಂಡು ಬನ್ನಿ, ದೊಡ್ಡದು ಮಾಡಿ ಇನ್ನೊಂದು ತೆಗೀತೀವಿ. ಆಮೇಲೂ ಅನುಮಾನ ಇದ್ರೆ ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷೆ ಮಾಡಿಸ್ಬೇಕಾಗುತ್ತೆ."

ಎಡಗಡೆಯದೂ ಹೀಗೇ ಸೂಜಿಯಿಂದ ಶುರುವಾಗಿತ್ತು.

ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು. ಕೈ ತೊಳೆಯುವಾಗ ವಿಶ್ವಾರಾಧ್ಯನ ಫೋನು ಬಂತು. ಸ್ಕ್ಯಾನಿನ ದಿನ ಮಾತ್ರ ಅವನಿಗೆ ಅಂಗಡಿ ಬಿಡಲು ಆಗುವುದಿಲ್ಲ. ಹೆದರುತ್ತಾನೆ ಎಂದು ಇಬ್ಬರಿಗೂ ಗೊತ್ತು.

"ಏನಂದ್ರು?"

"ಫೋಟೋ ಚೆನ್ನಾಗಿ ಬಂದಿಲ್ವಂತೆ. ಇನ್ನೊಂದು ತೆಗೀತಾರೆ."

"ಕಣ್ಣು ಮುಚ್ಚಿರ್ತೀಯ ನೀನು. ನಮ್ಮ ಮದುವೆ ಫೋಟೋದಲ್ಲೂ ಅದೇ ಕತೆ."

ಮಲ್ಲಿಕಾಂಬ ನಕ್ಕು ಫೋನಿಟ್ಟಳು. ಮುದ್ದೆ ಮುರಿದು ಸಾರಲ್ಲಿ ಅದ್ದಿದಳು. ಹಸಿವು ಹೋಗಿರಲಿಲ್ಲ, ಅದು ಅವಳಿಗೇ ಆಶ್ಚರ್ಯವಾಯಿತು. ಅರ್ಧ ಮುದ್ದೆ ಮುಗಿದ ಮೇಲೆ ಹೇಳಿಬಿಟ್ಟಳು.

"ಅಕ್ಕ, ಅದೇ ಆಗಿದ್ರೆ ಈ ಸಲ ನಾನು ಡ್ರಿಪ್ಪಿಗೆ ಹೋಗಲ್ಲ."

ಸುಲೋಚನಮ್ಮ ತಲೆ ಎತ್ತಲಿಲ್ಲ. "ಮುದ್ದೆ ಆರೋಯ್ತದೆ, ತಿನ್ನು."

"ನಾನು ತಮಾಷೆಗೆ ಹೇಳ್ತಿಲ್ಲ."

"ನಾನೂ ತಮಾಷೆಗೆ ತಿನ್ನು ಅನ್ಲಿಲ್ಲ."

ಆದರೆ ಸುಲೋಚನಮ್ಮನ ಎಲೆಯಲ್ಲಿ ಮುದ್ದೆ ಹಾಗೇ ಉಳಿಯಿತು. ಊಟದ ನಂತರ ಮಲ್ಲಿಕಾಂಬಳ ರಟ್ಟೆ ಹಿಡಿದು ಹಿಂದಿನ ಬಚ್ಚಲಿಗೆ ಕರೆದೊಯ್ದು ಚಿಲಕ ಹಾಕಿದಳು. ಸೆರಗಿನ ಗಂಟು ಬಿಚ್ಚಿ ವಿಭೂತಿ ಗಟ್ಟಿ ತೆಗೆದಳು. ತೇಯಲು ನೀರು ಕೂಡ ಹುಡುಕಲಿಲ್ಲ. ಹಾಗೇ ಪುಡಿ ಮಾಡಿ ರವಿಕೆಯೊಳಗೆ ಕೈಹಾಕಿ ತಿಕ್ಕಿದಳು. ಬೆಳಿಗ್ಗೆ ಹಚ್ಚಿದ್ದು ಸಾಲಲಿಲ್ಲ ಎಂಬಂತೆ ತಿಕ್ಕಿದಳು. ಮಲ್ಲಿಕಾಂಬ ಸೆರಗು ಎತ್ತಿ ಹಿಡಿದುಕೊಂಡಳು.

ಎರಡನೇ ಸಲ ನಿಶ್ಚಿತಾ ಅವಸರದಲ್ಲಿದ್ದಳು. ಆ ಕೋಣೆಯಲ್ಲಿ ದೀಪವೂ ಮಂದ. ಪೌಡರಿನ ವಿಚಾರ ಬೆಳಿಗ್ಗೆಯೇ ಕೇಳಿದ್ದರಿಂದ ಮತ್ತೆ ಕೇಳಲಿಲ್ಲ. ಫೋಟೋ ತೆಗೆದು ಕಳಿಸಿದಳು.

ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಡಾಕ್ಟರನೇ ಬಾಗಿಲಿಗೆ ಬಂದು ಮಲ್ಲಿಕಾಂಬಳನ್ನು ಮೇಲಿಂದ ಕೆಳಗೆ ನೋಡಿದ.

"ಅಮ್ಮಾ, ಬೆಳಿಗ್ಗೆ ಒಂದಿಷ್ಟು ಚುಕ್ಕಿ ಇದ್ವು. ಈಗ ಎದೆ ತುಂಬ ಇವೆ. ಬೆಳಿಗ್ಗೆ ಇದ್ದ ಜಾಗದಲ್ಲಿ ಕೆಲವು ಇಲ್ಲವೇ ಇಲ್ಲ."

"ಅಂದ್ರೆ?" ಎಂದಳು ಮಲ್ಲಿಕಾಂಬ.

"ಒಂದು ಊಟದ ಹೊತ್ತಲ್ಲಿ ಯಾವ ಕಾಯಿಲೆನೂ ಇಷ್ಟು ಓಡಾಡಲ್ಲ. ಊಟಕ್ಕೆ ಹೋದಾಗ ಮೈಗೆ ಏನು ಹಚ್ಕೊಂಡ್ರಿ?"

ಮಲ್ಲಿಕಾಂಬ ಸುಲೋಚನಮ್ಮನ ಕಡೆ ತಿರುಗಿದಳು. ಸುಲೋಚನಮ್ಮನ ಬಲಗೈ ಬೆರಳುಗಳೆಲ್ಲ ಇನ್ನೂ ಬೆಳ್ಳಗಿದ್ದವು. ಡಾಕ್ಟರೂ ಅದನ್ನೇ ನೋಡಿದ.

"ವಿಭೂತಿನಾ?"

"ಮಠದ ವಿಭೂತಿ ಕಣಪ್ಪ," ಸುಲೋಚನಮ್ಮ ಎದ್ದು ನಿಂತಳು. "ಅದನ್ನ ಹೋಗಿ ಕಾಯಿಲೆ ಅಂತೀಯಲ್ಲ."

"ನಾನಲ್ಲಮ್ಮ, ಮೆಷಿನ್ ಅಂತು. ಬೂದಿಲಿ ಸುಣ್ಣದ ಅಂಶ ಇರುತ್ತೆ. ಚರ್ಮದ ಮೇಲಿದ್ರೂ ಫೋಟೋದಲ್ಲಿ ಒಳಗಿರೋ ಹಂಗೇ ಬಿಳೀ ಚುಕ್ಕಿ ಕಾಣುತ್ತೆ. ಬೆಳಿಗ್ಗೆನೂ ಹಚ್ಚಿದ್ರಾ?"

"ಹಚ್ಚದೆ? ಬರಿಮೈಲಿ ಕಳಿಸ್ತೀನಾ ನಾನು?"

ಡಾಕ್ಟರು ನಗು ತಡೆದುಕೊಂಡು, ಸೋಪು ಹಾಕಿ ಚೆನ್ನಾಗಿ ತೊಳೆದುಕೊಂಡು ಬರಲು ಹೇಳಿದ. ತೊಳೆದ ಮೇಲೆ ಕಾಣುವುದೇ ನಿಜ, ಅಲ್ಲಿಯವರೆಗೆ ಏನೂ ಹೇಳುವುದಿಲ್ಲ ಎಂದೂ ಅಂದ. ಬಚ್ಚಲಲ್ಲಿ ಸುಲೋಚನಮ್ಮ ನೀರು ಹಾಕಿ ತಿಕ್ಕಿದಳು, ಮಗುವಿಗೆ ಎರೆಯುವ ಹಾಗೆ. ರವಿಕೆಯ ಒಳಗಡೆಯೂ ಬಿಳಿ ಮೆತ್ತಿತ್ತು, ಅದನ್ನೂ ಹಿಂಡಿದಳು. ಮಲ್ಲಿಕಾಂಬ ಸೆಂಟರಿನ ಹಸಿರು ಗೌನು ಹಾಕಿಕೊಂಡು ಮೂರನೇ ಸಲ ಹಲಗೆಗಳ ನಡುವೆ ನಿಂತಳು. ಅದೇ ಜಾಗದಲ್ಲಿ ಅದೇ ನೋವು. ಈ ಸಲ ಹಲ್ಲು ಕಚ್ಚುವುದನ್ನು ಮರೆತು ಉಸಿರು ಹಿಡಿದಿದ್ದಳು.

ಡಾಕ್ಟರ್ ದುಶ್ಯಂತ್ ತುಂಬ ಹೊತ್ತು ನೋಡಿದ. ಹೋದ ವರ್ಷದ್ದನ್ನು ಪಕ್ಕದಲ್ಲಿಟ್ಟು ನೋಡಿದ.

"ಏನೂ ಇಲ್ಲ. ಕ್ಲೀನಾಗಿದೆ. ಮುಂದಿನ ವರ್ಷ ಬನ್ನಿ, ವಿಭೂತಿ ಹಣೆಗೆ ಮಾತ್ರ."

ಸಂಜೆಯ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಒದ್ದೆ ರವಿಕೆ ಮೈಮೇಲೆ ಹಿತವಾಗಿತ್ತು. ಮಲ್ಲಿಕಾಂಬ ಗಂಡನಿಗೆ ಫೋನು ಮಾಡಿ, ಫೋಟೋ ಚೆನ್ನಾಗಿ ಬಂತು, ಕಣ್ಣು ಬಿಟ್ಟಿದ್ದೆ ಎಂದಳು. ಅವನು, ಬರುವಾಗ ಬಾಳೆಹಣ್ಣು ತಾ ಅಂದ.

ಸುಲೋಚನಮ್ಮ ಕಿಟಕಿಯಾಚೆಯ ಈರುಳ್ಳಿ ಹೊಲಗಳನ್ನೇ ನೋಡುತ್ತಿದ್ದಳು. ತನ್ನಿಂದಲೇ ಇಷ್ಟೆಲ್ಲ ಆಯಿತೆಂದು ಒಪ್ಪುವ ಹೆಂಗಸಲ್ಲ ಅವಳು.

"ಮಧ್ಯಾಹ್ನ ಒಂದು ಮಾತಂದೆಯಲ್ಲ," ಅಂದಳು ತಿರುಗದೆ.

"ಅಂದೆ."

"ಅದನ್ನ ನಿನ್ನ ಗಂಡನ ಹತ್ರ ಹೇಳಬೇಡ. ಹೇಳೋದೇ ಆದ್ರೆ ನನ್ನ ಹತ್ರಾನೇ ಹೇಳು. ನಾನು ಬೈತೀನಿ, ಅವನಾದ್ರೆ ಅಳ್ತಾನೆ."

"ಸರಿ ಅಕ್ಕ."

"ಮುಂದಿನ ವರ್ಷನೂ ನಾನೇ ಬತ್ತೀನಿ."

"ಬನ್ನಿ. ಗಟ್ಟಿ ಮನೇಲಿಟ್ಟು ಬನ್ನಿ."

ಸುಲೋಚನಮ್ಮ ಮೂಗು ಮುರಿದಳು. ಅಜ್ಜಂಪುರದಲ್ಲಿ ಇಳಿದು ಬಾಳೆಹಣ್ಣು ಕೊಂಡು ಮನೆಯ ಬಾಗಿಲಿಗೆ ಬಂದ ಮೇಲೆ ಸೆರಗಿನ ಗಂಟು ಬಿಚ್ಚಿದಳು. ಉಳಿದಿದ್ದ ಚೂರನ್ನು ಬೆರಳಲ್ಲಿ ಉಜ್ಜಿ, "ಈಗ ಯಾವ ಮೆಷಿನ್ನೂ ಇಲ್ಲ" ಎಂದು ಮಲ್ಲಿಕಾಂಬಳ ಕತ್ತಿನ ಕೆಳಗೆ ಒಂದು ಗೆರೆ ಎಳೆದಳು.

ಮಲ್ಲಿಕಾಂಬ ಬಾಗಿ ಎಳೆಸಿಕೊಂಡು, ಹಣ್ಣಿನ ಚಿಪ್ಪು ಹಿಡಿದು ಅಂಗಡಿ ಕಡೆ ನಡೆದಳು. ಬಾಗಿಲು ಹಾಕುವ ಮುಂಚೆ ಇನ್ನೊಂದಿಬ್ಬರು ಗಿರಾಕಿಗಳು ಬಂದರೂ ಬರಬಹುದಿತ್ತು.